ಕೀ ಕೊಡುವ ವಾಚಿನ ಘನತೆ

ಕೈಗಡಿಯಾರ ಸಂಗ್ರಹಿಸಬೇಕೆನ್ನುವವರು ಸ್ವಿಸ್ ವಾಚುಗಳ ಬೆಲೆ ಕಂಡು ಹಿಂಜರಿಯಬೇಕಿಲ್ಲ. ಎಚ್‌ಎಂಟಿ ಜನತಾ ಎಂಬ ಕೀ ಕೊಡುವ ಒಂದು ವಾಚಿನಿಂದಲೇ ಈ ಆಸಕ್ತಿ ಸಾರ್ಥಕವಾಗಿ ಶುರುವಾಗಬಹುದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿದ ಎಚ್‌ಎಂಟಿ, ಮೂಲತಃ ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳನ್ನು ಮಾಡುತ್ತಿದ್ದ ಸರ್ಕಾರಿ ಸಂಸ್ಥೆ. ಯಂತ್ರ ತಯಾರಿಕೆಯ ಆ ಶಿಸ್ತು ಜನತಾದೊಳಗೆ ಕಾಣುತ್ತದೆ. ಕೀ ಕೊಟ್ಟಾಗ ಸುತ್ತಿಕೊಳ್ಳುವ ಸ್ಪ್ರಿಂಗು ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ ಐದು ಬಡಿತದಂತೆ ಆ ಶಕ್ತಿಯನ್ನು ಅಳೆದಳೆದು ಬಿಡುತ್ತದೆ. ತಿಕ್ಕಾಟದ ಜಾಗಗಳಲ್ಲಿ ಕೂರಿಸಿದ 17 ಜ್ಯುವೆಲ್‌ಗಳು, ಅಂದರೆ ಕೃತಕ ಮಾಣಿಕ್ಯಗಳು, ಸವೆತವನ್ನು ತಗ್ಗಿಸುತ್ತವೆ. ಅನಗತ್ಯವಾದದ್ದು ಒಂದೂ ಇಲ್ಲ. ಸಾಮಾನ್ಯರ ಕೈಗೆಟುಕುವ ವಸ್ತುವಿನಲ್ಲಿ ಇಷ್ಟು ನಿಷ್ಠೆಯ ಕೆಲಸವಿರುವುದೇ ಅದರ ಹಿರಿಮೆ.

ಮೊಬೈಲು ಇದಕ್ಕಿಂತ ನಿಖರವಾಗಿ ಸಮಯ ತೋರಿಸುತ್ತದಲ್ಲ ಎನ್ನಬಹುದು. ನಿಜ, ಅಗ್ಗದ ಕ್ವಾರ್ಟ್ಜ್ ವಾಚೂ ಜನತಾವನ್ನು ನಿಖರತೆಯಲ್ಲಿ ಮೀರಿಸುತ್ತದೆ. ಆದರೆ ಸಂಗ್ರಾಹಕ ಕಾಪಾಡುವುದು ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ನಡೆಸಬಲ್ಲ ಯಂತ್ರವನ್ನು, ಅದನ್ನು ಬಲ್ಲ ರಿಪೇರಿಯವರ ವಿದ್ಯೆಯನ್ನು. ಮರುಬಣ್ಣ ಬಳಿದ ಡಯಲ್, ಬೇರೆ ವಾಚುಗಳ ಬಿಡಿಭಾಗ ಸೇರಿಸಿದ ಮಾಲು ಮಾರುಕಟ್ಟೆಯಲ್ಲಿ ತುಂಬಿದೆಯೆಂಬ ಆಕ್ಷೇಪವೂ ಸರಿಯೇ. ಅದಕ್ಕೇ ಕೊಳ್ಳುವ ಮುನ್ನ ಹಿಂಬದಿಯ ಮುಚ್ಚಳ ತೆಗೆಸಿ ನೋಡಬೇಕು, ಅಕ್ಷರಗಳ ಅಚ್ಚನ್ನು ಅಸಲಿನೊಂದಿಗೆ ಹೋಲಿಸಬೇಕು. ಸಂಖ್ಯೆ ಹೆಚ್ಚಿಸುವುದಕ್ಕಿಂತ ಈ ನೋಟ ಹರಿತವಾಗುವುದೇ ಸಂಗ್ರಹದ ನಿಜವಾದ ಬೆಳವಣಿಗೆ. ಎಚ್‌ಎಂಟಿಯ ವಾಚು ಕಾರ್ಖಾನೆಗಳು ಮುಚ್ಚಿದ ಮೇಲೆ, ಆ ಕೌಶಲವನ್ನು ಗುರುತಿಸಿ ಗೌರವಿಸುವ ಹೊಣೆ ಮೆಚ್ಚುವವರದೇ.