ಐವತ್ತು ಮೈಲಿ ಅಂದರೆ ಎಷ್ಟು ದೂರ?

ಜೇನ್ ಆಸ್ಟೆನ್‌ಳ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಕಾದಂಬರಿಯನ್ನು ಟೀವಿಯಲ್ಲಿ ನೋಡಿದವರನ್ನು ಕೇಳಿ ನೋಡಿ. ಡಾರ್ಸಿ ಕೊಳಕ್ಕೆ ಧುಮುಕಿ, ಒದ್ದೆ ಅಂಗಿಯಲ್ಲಿ ನಡೆದು ಬರುವ ದೃಶ್ಯವನ್ನೇ ಮೊದಲು ಹೇಳುತ್ತಾರೆ. ಅದು ಕಾದಂಬರಿಯಲ್ಲಿ ಇಲ್ಲವೇ ಇಲ್ಲ ಅನ್ನುವುದು ಬೇರೆ ಮಾತು. ನನಗೆ ನೆನಪಾಗುವುದು ಮಾತ್ರ ಇನ್ನೊಂದು ಪ್ರಸಂಗ. ಒಂದು ಕೋಣೆಯಲ್ಲಿ ಇಬ್ಬರು ಕೂತು ದೂರದ ಲೆಕ್ಕ ಮಾಡುತ್ತಾರೆ, ಅಷ್ಟೇ.

ಎಲಿಜಬೆತ್ ಬೆನೆಟ್ ತನ್ನ ಗೆಳತಿ ಶಾರ್ಲೆಟ್‌ಳ ಹೊಸ ಸಂಸಾರ ನೋಡಲು ಕೆಂಟ್ ಪ್ರಾಂತಕ್ಕೆ ಹೋಗಿರುತ್ತಾಳೆ. ಒಂದು ಬೆಳಿಗ್ಗೆ ಒಬ್ಬಳೇ ಕೂತು ಕಾಗದ ಬರೆಯುತ್ತಿರುವಾಗ ಡಾರ್ಸಿ ಬರುತ್ತಾನೆ. ಮಾತು ಮುಂದೆ ಸಾಗುವುದಿಲ್ಲ. ಕಡೆಗೆ ಅವನು, ನಿಮ್ಮ ಗೆಳತಿಗೆ ತವರು ಹತ್ತಿರವೇ ಆಯಿತಲ್ಲ, ಒಳ್ಳೆಯದೇ ಅನ್ನುವ ಅರ್ಥದಲ್ಲಿ ಏನೋ ಹೇಳುತ್ತಾನೆ. ಐವತ್ತು ಮೈಲಿ ಹತ್ತಿರವೇ ಅಂತ ಇವಳಿಗೆ ಆಶ್ಚರ್ಯ. ಒಳ್ಳೆಯ ರಸ್ತೆ ಇದ್ದರೆ ಅರ್ಧ ದಿನದ ದಾರಿ ಅಂತ ಅವನ ವಾದ. ಅದಕ್ಕೆ ಎಲಿಜಬೆತ್ ಕೊಡುವ ಉತ್ತರದ ಸಾರ ಇದು: ದೂರ-ಹತ್ತಿರ ಎನ್ನುವುದು ರಸ್ತೆಯ ಮೇಲೆ ನಿಂತಿಲ್ಲ, ಪ್ರಯಾಣದ ಖರ್ಚು ತಟ್ಟದವರಿಗೆ ದೂರ ಒಂದು ತೊಂದರೆಯೇ ಅಲ್ಲ, ಶಾರ್ಲೆಟ್‌ಳ ಗಂಡನ ವರಮಾನದಲ್ಲಿ ಮತ್ತೆ ಮತ್ತೆ ಹೋಗಿಬರಲಾಗದು. ಅದೇ ಉಸಿರಲ್ಲಿ ಇನ್ನೊಂದನ್ನೂ ಒಪ್ಪಿಕೊಳ್ಳುತ್ತಾಳೆ. ಹೆಣ್ಣಿಗೆ ತವರು ತೀರಾ ಹತ್ತಿರವಾಗುವುದೂ ಉಂಟು ಅಂತ. ಆಗ ಡಾರ್ಸಿ ತನ್ನ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆಳೆದು, ನಿಮಗೆ ಹುಟ್ಟಿದೂರಿನ ಮೇಲೆ ಅಷ್ಟೊಂದು ಅಂಟು ಇರಲಾರದು ಅನ್ನುತ್ತಾನೆ. ಅವಳ ಮುಖದಲ್ಲಿ ಆಶ್ಚರ್ಯ ಕಂಡು, ಕುರ್ಚಿ ಹಿಂದಕ್ಕೆ ಸರಿಸಿ ಪತ್ರಿಕೆ ಕೈಗೆತ್ತಿಕೊಳ್ಳುತ್ತಾನೆ.

ಪಾಪ, ಅವನು ಕೇಳುತ್ತಿದ್ದದ್ದು ಶಾರ್ಲೆಟ್ ವಿಷಯವಲ್ಲ. ಹರ್ಟ್‌ಫರ್ಡ್‌ಶೈರಿನ ಈ ಹುಡುಗಿ ಡರ್ಬಿಶೈರಿನ ತನ್ನ ಮನೆಯವರೆಗೆ ಬಂದಾಳೇ ಅಂತ ಅಳೆಯುತ್ತಿದ್ದ. ಹೊರನಾಡಿಗೆ ಮದುವೆಯಾಗಿ ಬಂದ ಯಾವ ಹೆಣ್ಣಿಗೂ ಈ ಪ್ರಶ್ನೆ ಹೊಸದಲ್ಲ. ಇನ್ನೂರು ವರ್ಷ ದಾಟಿದ ಈ ಕತೆ ಇನ್ನೂ ಯಾಕೆ ಹಿಡಿದು ಕೂರಿಸುತ್ತೆ ಅಂದರೆ ಎಲ್ಲರೂ ಪ್ರೇಮದ ಕಡೆ ಕೈ ತೋರಿಸುತ್ತಾರೆ. ನನಗನ್ನಿಸುವುದು, ಅದನ್ನು ಉಳಿಸಿರುವುದು ಮನೆಯ ಪ್ರಶ್ನೆ. ಹೆಣ್ಣಿಗೆ ತನ್ನದು ಅನ್ನುವ ಮನೆ ಯಾವುದು, ಅದು ಎಷ್ಟು ದಿನ ತನ್ನದು?

ಆಸ್ಟೆನ್‌ಗೆ ಇದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಈ ಕತೆಯ ಮೊದಲ ಕರಡನ್ನು ಅವಳು 1796-97ರಲ್ಲಿ ಸ್ಟೀವನ್‌ಟನ್‌ನ ಪಾದ್ರಿಮನೆಯಲ್ಲಿ ಬರೆದಳು. ಪಾದ್ರಿಯಾಗಿದ್ದ ಅಪ್ಪ ಕೆಲಸದಿಂದ ಬಿಡುವು ಪಡೆದಾಗ ಆ ಮನೆ ಹಿರಿಯಣ್ಣನ ಪಾಲಾಯಿತು, 1801ರಲ್ಲಿ ಇವಳು ಅಪ್ಪ ಅಮ್ಮನ ಜೊತೆ ಬಾತ್ ಪಟ್ಟಣಕ್ಕೆ ಹೋದಳು. 1805ರಲ್ಲಿ ಅಪ್ಪ ತೀರಿಕೊಂಡ. ಆಮೇಲೆ ಬಾಡಿಗೆ ಮನೆ, ನೆಂಟರ ಮನೆ ಅಂತ ಅಲೆದಾಟ. 1809ರಲ್ಲಿ ಇನ್ನೊಬ್ಬ ಅಣ್ಣ ಎಡ್ವರ್ಡ್, ಚಾಟನ್ ಎಂಬ ಹಳ್ಳಿಯಲ್ಲಿ ತಾಯಿಗೂ ತಂಗಿಯರಿಗೂ ಒಂದು ಮನೆ ಬಿಟ್ಟುಕೊಟ್ಟ. ಅಲ್ಲಿ ಕೂತು ಹಳೆಯ ಕರಡನ್ನು ತಿದ್ದಿದಳು. 1813ರ ಜನವರಿಯಲ್ಲಿ ಪುಸ್ತಕ ಹೊರಬಂತು, ಲೇಖಕಿಯ ಹೆಸರಿಲ್ಲದೆ.

ಪುಸ್ತಕ ಕೈಗೆ ಬಂದ ದಿನವೇ ತಾಯಿ-ಮಗಳು ಸೇರಿ ಅದನ್ನು ನೆರೆಯ ಹೆಂಗಸಿಗೆ ಗಟ್ಟಿಯಾಗಿ ಓದಿ ಹೇಳಿದರಂತೆ. ಬರೆದವಳು ಎದುರಿಗೇ ಇದ್ದಾಳೆ ಅಂತ ಆಕೆಗೆ ಗೊತ್ತಿಲ್ಲ. ಕೆಲವು ದಿನದ ಮೇಲೆ ಅಕ್ಕನಿಗೆ ಬರೆದ ಕಾಗದದಲ್ಲಿ ಆಸ್ಟೆನ್ ಗೊಣಗುತ್ತಾಳೆ: ಅಮ್ಮ ತೀರಾ ಬಿರಬಿರನೆ ಓದುತ್ತಾಳೆ, ಪಾತ್ರಗಳು ಹೇಗೆ ಮಾತಾಡಬೇಕೋ ಹಾಗೆ ಅವಳಿಗೆ ಮಾತಾಡಲು ಬರುವುದಿಲ್ಲ ಅಂತ. ಈ ಕಾದಂಬರಿ ಟೀವಿಗೆ ಅಷ್ಟು ಸಲೀಸಾಗಿ ಒಗ್ಗಿದ ಗುಟ್ಟು ಇಲ್ಲೇ ಇದೆ. ಮನೆಮಂದಿ ನಡುಕೋಣೆಯಲ್ಲಿ ಕೂತು ಕೇಳಲಿ ಅಂತಲೇ ಬಂದ ಕತೆ ಇದು. ಅದಕ್ಕೆ ಬೇಕಿದ್ದದ್ದು ಸರಿಯಾದ ದನಿ.

ಆ ದನಿ 1995ರ ಬಿಬಿಸಿ ಧಾರಾವಾಹಿಯಲ್ಲಿ ಸಿಕ್ಕಿತು. ಆರು ಕಂತು, ವಾರಕ್ಕೊಂದು. ಚಿತ್ರಕತೆ ಆಂಡ್ರ್ಯೂ ಡೇವಿಸ್, ನಿರ್ದೇಶನ ಸೈಮನ್ ಲ್ಯಾಂಗ್ಟನ್. ಎಲಿಜಬೆತ್ ಆಗಿ ಜೆನಿಫರ್ ಏಲ್, ಡಾರ್ಸಿಯಾಗಿ ಕಾಲಿನ್ ಫರ್ತ್. ಅದಕ್ಕೆ ಮೊದಲು 1980ರಲ್ಲೂ ಬಿಬಿಸಿ ಇದನ್ನು ಐದು ಕಂತಿನಲ್ಲಿ ತೆಗೆದಿತ್ತು, ಆದರೆ ಜನಮನದಲ್ಲಿ ನಿಂತದ್ದು ಎರಡನೆಯದು. ಡೇವಿಸ್ ಕತೆಯನ್ನು ಎಲ್ಲಿಂದ ಶುರು ಮಾಡುತ್ತಾನೆ ನೋಡಿ. ಕಾದಂಬರಿ ಗಂಡ-ಹೆಂಡತಿಯ ಮಾತಿನಿಂದ ತೆರೆದುಕೊಂಡರೆ, ಇಲ್ಲಿ ಇಬ್ಬರು ಗಂಡಸರು ಕುದುರೆ ಓಡಿಸಿಕೊಂಡು ಬಂದು ನೆದರ್‌ಫೀಲ್ಡ್ ಎಂಬ ದೊಡ್ಡ ಮನೆಯನ್ನು ದೂರದಿಂದ ನೋಡುತ್ತಾರೆ. ಬಿಂಗ್ಲಿ ಅದನ್ನು ಹಿಡಿಯುತ್ತೇನೆ ಅನ್ನುತ್ತಾನೆ. ಕೊಳ್ಳುವುದಕ್ಕಲ್ಲ, ಬಾಡಿಗೆಗೆ! ವರ್ಷಕ್ಕೆ ನಾಲ್ಕೈದು ಸಾವಿರ ಪೌಂಡಿನ ಆ ಸಿರಿವಂತನೂ ಬಾಡಿಗೆದಾರನೇ. ಗುಡ್ಡದ ಮೇಲಿಂದ ಎಲಿಜಬೆತ್ ಅವರನ್ನು ನೋಡುತ್ತಾಳೆ. ಮನೆ ಆರಿಸಿಕೊಳ್ಳುವವರು ಕುದುರೆ ಮೇಲೆ, ಮನೆ ಕಳಕೊಳ್ಳಲಿರುವವಳು ಕಾಲ್ನಡಿಗೆಯಲ್ಲಿ. ಕತೆಯೆಲ್ಲ ಆ ಎರಡು ನಿಮಿಷದಲ್ಲಿ ಬಂದುಬಿಟ್ಟಿದೆ.

ಇನ್ನು ಮಿಸೆಸ್ ಬೆನೆಟ್. ಐದು ಹೆಣ್ಣುಮಕ್ಕಳ ಈ ತಾಯಿಯ ಪಾತ್ರವನ್ನು ಅಲಿಸನ್ ಸ್ಟೆಡ್‌ಮನ್ ತಾರಸ್ಥಾಯಿಯಲ್ಲಿ ಹಿಡಿದಿದ್ದಾಳೆ. ಕಿರುಚುತ್ತಾಳೆ, ಕರವಸ್ತ್ರ ಬೀಸುತ್ತಾಳೆ, ನರಗಳ ಬಾಧೆ ಹೇಳಿಕೊಳ್ಳುತ್ತಾಳೆ. ಅತಿಯಾಯಿತು ಅಂತ ವಿಮರ್ಶಕರು ಅಂದದ್ದುಂಟು. ಮೊದಲ ಸಲ ನೋಡಿದಾಗ ನಾನೂ ಹಾಗೇ ಅಂದುಕೊಂಡು ನಕ್ಕಿದ್ದೆ.

ಆದರೆ ಅವಳ ಲೆಕ್ಕ ನೋಡಿ. ಲಾಂಗ್‌ಬರ್ನ್ ಆಸ್ತಿಯಿಂದ ವರ್ಷಕ್ಕೆ ಎರಡು ಸಾವಿರ ಪೌಂಡ್. ಗಂಡುಮಗ ಇಲ್ಲದಿದ್ದರೆ ದಾಯಾದಿ ಕಾಲಿನ್ಸ್‌ಗೇ ಅದು ಸಲ್ಲಬೇಕೆಂಬ ಕರಾರು. ಎಲಿಜಬೆತ್‌ಗೆ ತಾಯಿಯ ಕಾಲಾನಂತರ ಬರುವುದು ಸಾವಿರ ಪೌಂಡ್, ಶೇಕಡಾ 4ರ ಬಡ್ಡಿಯಲ್ಲಿ ವರ್ಷಕ್ಕೆ ನಲವತ್ತು. ಕಾಲಿನ್ಸ್ ಮೊದಲ ಸಲ ಊಟಕ್ಕೆ ಬಂದಾಗ ಮನೆಯ ಮೇಜು-ಕುರ್ಚಿಗಳನ್ನೆಲ್ಲ ಹೊಗಳುತ್ತಾನೆ. ನಾಳೆ ತನ್ನದಾಗುವ ಸಾಮಾನು! ಮಿಸ್ಟರ್ ಬೆನೆಟ್ ನಗೆಚಾಟಿಕೆ ಮಾಡುತ್ತ ಪುಸ್ತಕದ ಕೋಣೆ ಸೇರಿಕೊಳ್ಳುತ್ತಾನೆ. ತಾನು ಸತ್ತ ಮರುದಿನ ಮಕ್ಕಳು ಎಲ್ಲಿಗೆ ಹೋಗಬೇಕು ಅಂತ ಯೋಚಿಸುತ್ತಿರುವವಳು ಆ ಮನೆಯಲ್ಲಿ ಅವಳೊಬ್ಬಳೇ. ಯಾರೂ ಕೇಳದ ಮಾತನ್ನು ನೂರು ಸಲ ಹೇಳಬೇಕಾದಾಗ ದನಿ ಏರದೆ ಇನ್ನೇನಾಗುತ್ತೆ?

ಇದು ನನಗೆ ಹೊಳೆಯಲು ಸ್ವಲ್ಪ ಕಾಲ ಹಿಡಿಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಅಂತ ಕರ್ನಾಟಕದಲ್ಲಿ ಕಾನೂನು ತಿದ್ದಿದ್ದು 1994ರಲ್ಲಿ. ಅಷ್ಟರೊಳಗೆ ಮದುವೆಯಾಗಿದ್ದವರಿಗೆ ಅದು ಅನ್ವಯಿಸಲಿಲ್ಲ. ನಾನು ಮದುವೆಯಾಗಿ ಡೊಂಬಿವಲಿಗೆ ಬಂದು ಆಗ ಆರು ವರ್ಷ. ದೇಶಕ್ಕೆಲ್ಲ ಅನ್ವಯಿಸುವ 2005ರ ತಿದ್ದುಪಡಿ ಆ ಅಡ್ಡಗೋಡೆ ತೆಗೆಯಿತು. ಎರಡು ವರ್ಷದ ಮೇಲೆ ಧಾರವಾಡದ ಮನೆ ಮಾರುವ ಮಾತು ಬಂತು, ತಮ್ಮ ಸಹಿಗೆ ಕರೆದ. ರಾತ್ರಿ ಬಸ್ಸಿಗೆ ಹೋದೆ, ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿದೆ, ಮರುದಿನ ರಾತ್ರಿ ಬಸ್ಸಿಗೆ ವಾಪಸ್. ತಮ್ಮನದೇನೂ ತಪ್ಪಿಲ್ಲ, ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡವನು ಅವನು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಇನ್ನು ಧಾರವಾಡಕ್ಕೆ ಹೋದರೆ ಯಾರ ಮನೆಯಲ್ಲಿ ಇಳಿಯುವುದು? ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುವ ಗಾದೆಯನ್ನು ನಾನೇ ಎಷ್ಟೋ ಸಲ ತಮಾಷೆಗೆ ಆಡಿದ್ದೆ. ಅದಾದ ಮೇಲೆ ಧಾರಾವಾಹಿಯನ್ನು ಮತ್ತೆ ಹಾಕಿಕೊಂಡು ಕೂತರೆ, ಮಿಸೆಸ್ ಬೆನೆಟ್ ಬಂದಾಗ ನಗು ಬರಲಿಲ್ಲ.

ಶಾರ್ಲೆಟ್‌ಳೂ ಬೇರೆಯಾಗಿ ಕಂಡಳು. ಇಪ್ಪತ್ತೇಳು ವಯಸ್ಸು, ರೂಪವಿಲ್ಲ, ಹಣವಿಲ್ಲ. ಎಲಿಜಬೆತ್ ಬೇಡವೆಂದ ಕಾಲಿನ್ಸ್‌ನನ್ನು ಒಪ್ಪಿಕೊಳ್ಳುತ್ತಾಳೆ. ಹಿಂದಿನ ಕೋಣೆಯನ್ನು ತನಗೆ ಇಟ್ಟುಕೊಂಡು, ರಸ್ತೆ ಕಾಣುವ ಮುಂದಿನ ಕೋಣೆಯನ್ನು ಗಂಡನಿಗೆ ಬಿಟ್ಟಿದ್ದಾಳೆ, ಅವನು ಅಲ್ಲೇ ಇರಲಿ ಅಂತ. ಲೂಸಿ ಸ್ಕಾಟ್ ಈ ಪಾತ್ರವನ್ನು ಅಳುಮೋರೆಯಿಲ್ಲದೆ ಮಾಡಿದ್ದಾಳೆ. ಪ್ರೀತಿಯಿಲ್ಲದ ಮದುವೆಯಲ್ಲಿ ಒಂದು ಕೋಣೆಯನ್ನು ಗೆದ್ದುಕೊಂಡವಳ ನೆಮ್ಮದಿ ಅದು. ಅದನ್ನು ಸೋಲು ಅನ್ನಲು ನಮಗೆ ಬಾಯಿ ಬರುವುದಿಲ್ಲ.

ಈ ಕತೆ ನಮ್ಮ ದೇಶಕ್ಕೆ ಬಂದಾಗಲೂ ಇದೇ ಎಳೆಯಲ್ಲಿ ಬಂದಿದೆ. ಬಿಬಿಸಿಗೆ ಹತ್ತು ವರ್ಷ ಮೊದಲೇ, 1985ರಲ್ಲಿ, ದೂರದರ್ಶನ ಇದನ್ನು ‘ತೃಷ್ಣಾ’ ಎಂಬ ಹಿಂದಿ ಧಾರಾವಾಹಿ ಮಾಡಿತ್ತು. ಆಸ್ಟೆನ್‌ಳದೇ ಇನ್ನೊಂದು ಕಾದಂಬರಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯನ್ನು ರಾಜೀವ್ ಮೆನನ್ 2000ದಲ್ಲಿ ತಮಿಳಿನ ‘ಕಂಡುಕೊಂಡೇನ್ ಕಂಡುಕೊಂಡೇನ್’ ಆಗಿಸಿದ. ಅಲ್ಲಿ ತಾಯಿ-ಮಕ್ಕಳು ಹಳ್ಳಿಯ ದೊಡ್ಡ ಮನೆ ಕಳಕೊಂಡು ಚೆನ್ನೈಗೆ ಬರುತ್ತಾರೆ. ಆಸ್ತಿಯ ಕಾನೂನು ಬೇರೆ, ಗಂಟುಮೂಟೆ ಕಟ್ಟುವ ಕೈ ಅದೇ.

ಬಿಬಿಸಿ ಧಾರಾವಾಹಿಯ ಮೇಲೆ ನನಗಿರುವ ತಕರಾರು ಒಂದೇ, ಅದರ ಮುಕ್ತಾಯ. ಜೋಡಿ ಮದುವೆ, ಸಾರೋಟು, ಒಂದು ಮುತ್ತು, ಅಲ್ಲಿಗೆ ಮುಗಿಯಿತು. ಆಸ್ಟೆನ್ ಮಾತ್ರ ಮದುವೆಗೆ ಮುಗಿಸುವುದಿಲ್ಲ. ಆಮೇಲೆ ಒಂದು ಸಣ್ಣ ಅಧ್ಯಾಯವಿದೆ. ಅಕ್ಕ ಜೇನ್ ಮತ್ತು ಬಿಂಗ್ಲಿ ನೆದರ್‌ಫೀಲ್ಡ್‌ನಲ್ಲಿ ಉಳಿದದ್ದು ಒಂದೇ ವರ್ಷ. ಅಷ್ಟು ಸಾಧು ಸ್ವಭಾವದವರಿಗೂ ತವರು ಅಷ್ಟು ಹತ್ತಿರವಿರುವುದು ಸಾಕಾಯಿತು. ಡರ್ಬಿಶೈರಿನ ಪಕ್ಕದ ಪ್ರಾಂತದಲ್ಲಿ ಆಸ್ತಿ ಕೊಂಡರು, ಅಕ್ಕತಂಗಿಯರ ನಡುವೆ ಉಳಿದ ದೂರ ಮೂವತ್ತು ಮೈಲಿಯ ಒಳಗೆ. ಕುರ್ಚಿ ಮುಂದೆಳೆದು ಕೇಳಿದ ಪ್ರಶ್ನೆಗೆ ಉತ್ತರ ಬರುವುದು ಅಲ್ಲಿ. ಎಲಿಜಬೆತ್‌ಗೆ ತವರು ಎಷ್ಟೋ ದೂರವಾಯಿತು, ಅದರ ಬೇಸರವೂ ಅವಳಿಗಿಲ್ಲ. ಬೇಕಾದ ಒಬ್ಬಳು ಮಾತ್ರ ಅರ್ಧ ದಿನದ ದಾರಿಯೊಳಗೇ ಇದ್ದಾಳೆ.

ಆರನೆಯ ಕಂತು ಮುಗಿದ ಮೇಲೆ ಟೀವಿ ಆರಿಸಿ, ಆ ಕೊನೆಯ ಅಧ್ಯಾಯವನ್ನು ಪುಸ್ತಕದಲ್ಲಿ ಓದಿಕೊಳ್ಳಿ. ಕೆಲವೇ ಪುಟ. ಊರು ಬಿಟ್ಟು ಬಂದವರಿಗೆ ಕತೆ ಮುಗಿಯುವುದು ಅಲ್ಲಿ.