ಎರಡು ಜಡೆ, ಒಂದು ಕಣ

ಎರಡು ಜಡೆ ಒಂದೆಡೆ ಕೂಡುವುದಿಲ್ಲ ಎಂಬ ಮಾತು ನಮ್ಮ ಸೊನ್ನದಂಥ ಭೀಮಾ ದಂಡೆಯ ಊರುಗಳಲ್ಲಿ ಇಂದಿಗೂ ಸಲೀಸಾಗಿ ಓಡಾಡುತ್ತದೆ. ಇಬ್ಬರು ಪೈಲ್ವಾನರು ಸೆಣಸಿದರೆ ಅದು ಛಲ. ಇಬ್ಬರು ಹೆಂಗಸರು ಎದುರುಬದುರು ನಿಂತರೆ ಅದು ಜಗಳ. ಈ ಭೇದ ನಮ್ಮ ಹಳ್ಳಿಗಳಿಗೆ ಮಾತ್ರ ಸೇರಿದ್ದೆಂದು ತಿಳಿದವರು ಅಮೆರಿಕದ ರೋಂಡಾ ರೌಸಿ ಮತ್ತು ಮೀಶಾ ಟೇಟ್ ಅವರ ಪೈಪೋಟಿಯನ್ನು ಜಗತ್ತು ಹೇಗೆ ನೋಡಿತು ಎಂಬುದನ್ನು ಗಮನಿಸಬೇಕು.

ಇವರದು ಮಿಶ್ರ ಸಮರಕಲೆ. ಗುದ್ದು, ಒದೆ, ಕುಸ್ತಿ, ಜೂಡೋ ಎಲ್ಲಕ್ಕೂ ಅಲ್ಲಿ ಅವಕಾಶವುಂಟು. ಜಾಲರಿಯ ಪಂಜರವೇ ಕಣ. ಟೇಟ್ ಶಾಲೆಯ ದಿನಗಳಲ್ಲೇ ಹುಡುಗರ ತಂಡದಲ್ಲಿ ಕುಸ್ತಿ ಕಲಿತವಳು. ರೌಸಿ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜೂಡೋ ಕಂಚು ಗೆದ್ದವಳು. 2012ರ ಮಾರ್ಚ್ 3ರಂದು ಕೊಲಂಬಸ್ ನಗರದಲ್ಲಿ ಇಬ್ಬರೂ ಮೊದಲ ಸಲ ಎದುರಾದಾಗ ಸ್ಟ್ರೈಕ್‌ಫೋರ್ಸ್ ಸಂಸ್ಥೆಯ ಪಟ್ಟ ಟೇಟ್ ಬಳಿ ಇತ್ತು. ರೌಸಿ ಮೊದಲ ಸುತ್ತಿನಲ್ಲೇ ಆಕೆಯ ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿ ಮೊಣಕೈಯನ್ನು ಹಿಮ್ಮುಖ ಬಗ್ಗಿಸಿದಳು. ಟೇಟ್ ಬೇಗ ಸೋಲೊಪ್ಪಲಿಲ್ಲ. ನೋಡುವವರಿಗೇ ಸಂಕಟವಾಗುವಷ್ಟು ತೋಳು ತಿರುಚಿದ ಮೇಲೆ ಕೈ ತಟ್ಟಿ ಪಟ್ಟ ಬಿಟ್ಟುಕೊಟ್ಟಳು.

ಯು.ಎಫ್.ಸಿ. ಸಂಸ್ಥೆಯ ಮುಖ್ಯಸ್ಥ ಡೇನಾ ವೈಟ್ 2011ರಲ್ಲಿ, ತನ್ನಲ್ಲಿ ಹೆಂಗಸರು ಎಂದೂ ಸೆಣಸುವುದಿಲ್ಲ ಎಂದಿದ್ದ. 2013ರ ಫೆಬ್ರವರಿಯಲ್ಲಿ ಅದೇ ಸಂಸ್ಥೆ ಮೊದಲ ಮಹಿಳಾ ಪಂದ್ಯ ನಡೆಸಿತು, ರೌಸಿಯೇ ಗೆದ್ದಳು. ಅದೇ ವರ್ಷ ರೌಸಿ ಮತ್ತು ಟೇಟ್ ಟಿ.ವಿ. ಸ್ಪರ್ಧೆಯೊಂದರಲ್ಲಿ ಎದುರು ತಂಡಗಳ ಗುರುಗಳಾದರು. ಅವರ ಕೆಂಗಣ್ಣು, ಬೈಗುಳ, ಮುನಿಸು ಎಲ್ಲವೂ ವಾರವಾರ ಮನೆಮನೆಗೆ ತಲುಪಿದವು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಮರುಪಂದ್ಯ ನಡೆದದ್ದು 2013ರ ಡಿಸೆಂಬರ್ 28ರಂದು, ಲಾಸ್ ವೇಗಸ್‌ನಲ್ಲಿ. ಮೂರನೆಯ ಸುತ್ತಿನ 58ನೇ ಸೆಕೆಂಡಿಗೆ ಮತ್ತೆ ಅದೇ ಪಟ್ಟು, ಅದೇ ಫಲ. ಸೋತ ಟೇಟ್ ಕೈ ಚಾಚಿದಳು. ರೌಸಿ ಬೆನ್ನು ತಿರುಗಿಸಿದಳು. ತನ್ನ ಗುರುವನ್ನು ಅವಮಾನಿಸಿದವರ ಕೈ ಕುಲುಕಲಾರೆ ಎಂಬುದು ಆಕೆಯ ವಾದ. ಜನ ಕೂಗಿ ಛೀಮಾರಿ ಹಾಕಿದರು. ಜಾತ್ರೆಯ ಕಣದಲ್ಲಿ ಮಣ್ಣು ಮುಟ್ಟಿ ಕೈ ಕೊಡುವುದನ್ನು ಕಂಡು ಬೆಳೆದ ನಮಗೂ ಅದು ತಪ್ಪೆಂದೇ ತೋರುತ್ತದೆ. ಆದರೆ ಆ ಪಂದ್ಯದಲ್ಲಿ ಕುಲುಕದ ಕೈಯೊಂದೇ ನೆನಪಾಗಿ ಉಳಿದದ್ದು ಅದಕ್ಕಿಂತ ದೊಡ್ಡ ತಪ್ಪು.

ಏಕೆಂದರೆ ಅಂದಿನ ಸಾರವಿದ್ದುದು ಮೊದಲೆರಡು ಸುತ್ತುಗಳ ಹತ್ತು ನಿಮಿಷಗಳಲ್ಲಿ. ಅದಕ್ಕೆ ಮುಂಚೆ ರೌಸಿಯ ಏಳು ಗೆಲುವುಗಳೂ ಮೊದಲ ಸುತ್ತಿನಲ್ಲೇ, ಅದೇ ತೋಳಿನ ಪಟ್ಟಿನಿಂದಲೇ ಬಂದಿದ್ದವು. ಆಕೆಯನ್ನು ಎರಡನೆಯ ಸುತ್ತಿಗೆ, ಮೂರನೆಯ ಸುತ್ತಿಗೆ ಎಳೆದೊಯ್ದ ಮೊದಲಿಗಳು ಟೇಟ್. ಒಮ್ಮೆ ತನ್ನ ಮೊಣಕೈ ತಿರುಚಿದ ಹಿಡಿತದೊಳಕ್ಕೇ ಮತ್ತೆ ಮತ್ತೆ ನುಗ್ಗಿದಳು. ಜಾಣತನದ ದೃಷ್ಟಿಯಿಂದ ಅದು ತಪ್ಪು ಲೆಕ್ಕ. 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಹಾಲಿ ಹೋಮ್ ಅದಕ್ಕೆ ತದ್ವಿರುದ್ಧವಾಗಿ ದೂರವೇ ಉಳಿದು ಗುದ್ದಿ, ಎರಡನೆಯ ಸುತ್ತಿನಲ್ಲಿ ಒಂದೇ ಒದೆಗೆ ರೌಸಿಯನ್ನು ಕೆಡವಿದಳು. ಆದರೆ 2016ರ ಮಾರ್ಚ್ 5ರಂದು ಆ ಹೋಮ್‌ಳನ್ನು ಮಣಿಸಿದವಳು ಟೇಟ್. ಅಂಕಗಳಲ್ಲಿ ಹಿಂದಿದ್ದವಳು, ಐದನೆಯ ಹಾಗೂ ಕೊನೆಯ ಸುತ್ತಿನಲ್ಲಿ ಬೆನ್ನೇರಿ ಕತ್ತು ಬಿಗಿದು ಪಟ್ಟ ಗೆದ್ದಳು. 2012ರಲ್ಲಿ ತೋಳು ತಿರುಚಿದರೂ ಬೇಗ ಸೋಲೊಪ್ಪದ ಆ ಹಟವೇ ಇಲ್ಲಿ ಫಲ ಕೊಟ್ಟಿತು.

ಎದುರಾಳಿಯೆಂದರೆ ನಮ್ಮ ಬಲದ ಅಳತೆಗೋಲು. ಟೇಟ್ ಇಲ್ಲದಿದ್ದರೆ ರೌಸಿಯ ಕಸುವು ಎಷ್ಟು ಹೊತ್ತು ತಾಳೀತೆಂದು ತಿಳಿಯುತ್ತಿರಲಿಲ್ಲ. ರೌಸಿ ಇಲ್ಲದಿದ್ದರೆ ಟೇಟ್ ಎರಡು ಸಲ ಸೋತೂ ಎದ್ದು ನಿಲ್ಲಬಲ್ಲವಳೆಂದು ತಿಳಿಯುತ್ತಿರಲಿಲ್ಲ. ಇದನ್ನು ಹಗೆಯೆಂದು ಮಾರಿದವರು ಮಾರಲಿ, ನಾವು ಹಾಗೆಂದೇ ಕೊಳ್ಳಬೇಕಾಗಿಲ್ಲ. 2024ರ ಜೂನ್‌ನಲ್ಲಿ ಪೂಜಾ ತೋಮರ್ ಅದೇ ಪಂಜರದಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದಳು. ನಾಳೆ ನಮ್ಮ ತಾಲ್ಲೂಕಿನ ಹುಡುಗಿಯರಿಬ್ಬರು ಕಣಕ್ಕಿಳಿದರೆ, ಸುತ್ತ ನಿಂತ ನಾವು ಅವರ ಪಟ್ಟು ನೋಡಬೇಕು, ಜಡೆ ನೋಡಬಾರದು.