ಬಂದ್ ಮಾಡುವುದು ರಿಪೇರಿಯಲ್ಲ

ಅಂಕೋಲೆಯಿಂದ ಹೊರಟು ಅರಬೈಲ್ ಘಟ್ಟ ಹತ್ತಿ, ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಬೀಡ್ ದಾಟಿ ಬರುವ 52ನೇ ರಾಷ್ಟ್ರೀಯ ಹೆದ್ದಾರಿ ಛತ್ರಪತಿ ಸಂಭಾಜಿನಗರವನ್ನು ಮುಟ್ಟುತ್ತದೆ. ಅಲ್ಲಿಂದ ವೇರೂಳಿಗೆ, ಅಂದರೆ ಎಲ್ಲೋರಕ್ಕೆ ಹೋಗುವ ಹಳೆಯ ರಸ್ತೆ ದೌಲತಾಬಾದ್ ಕೋಟೆಯ ಮಗ್ಗುಲಲ್ಲಿ ಸಾಗಿ, ಖುಲ್ದಾಬಾದಿನ ಘಾಟ್ ಏರುತ್ತದೆ. ರಾಷ್ಟ್ರಕೂಟರ ಕೈಲಾಸ ದೇವಾಲಯ ನೋಡಲು ಕರ್ನಾಟಕದಿಂದ ಬರುವ ಕಾರುಗಳೂ ಈ ಏರು ಹತ್ತುತ್ತವೆ. ಮಳೆಗಾಲದಲ್ಲಿ ಹಳೆಯ ಕಾರುಗಳ ಪಾಡು ಇಲ್ಲಿ ಬಯಲಾಗುತ್ತದೆ. ಒಳಗೆ ನಾಲ್ಕೈದು ಜನರ ಉಸಿರು, ಹೊರಗೆ ತಣ್ಣನೆ ಮಳೆ. ಮುಂದಿನ ಗಾಜು ನೋಡನೋಡುತ್ತ ಮಬ್ಬಾಗುತ್ತದೆ. ಚಾಲಕ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದರಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತಾನೆ. ಅವನ ಕೈಯಳತೆಯಲ್ಲೇ ಹೀಟರಿನ ಲಿವರ್ ಇದೆ. ಎಳೆದರೆ ಮಾತ್ರ ಏನೂ ಆಗುವುದಿಲ್ಲ.

ಆ ಲಿವರ್ ಸತ್ತದ್ದು ಹೆಚ್ಚಿನ ಸಲ ವಯಸ್ಸಾಗಿ ಅಲ್ಲ. ಯಾವುದೋ ಗ್ಯಾರೇಜಿನಲ್ಲಿ ಯಾರೋ ಅದನ್ನು ಬಂದ್ ಮಾಡಿರುತ್ತಾರೆ. ದಖನ್ನಿನ ಬಿಸಿಲಿಗೆ ಹೀಟರ್ ಯಾಕೆ ಎಂಬ ಒಂದೇ ಮಾತಿನ ಮೇಲೆ ನಿಂತಿರುವ ಈ ರೂಢಿಯನ್ನು ನಾವು ಗಂಭೀರವಾಗಿ ಪ್ರಶ್ನಿಸಬೇಕಾಗಿದೆ.

ಮೊದಲು ಹೀಟರ್ ಎಂಬ ಏರ್ಪಾಟಿನ ಗುಣ ನೋಡೋಣ. ಇಂಜಿನ್ನನ್ನು ತಂಪಾಗಿಡುವ ನೀರು ಬಿಸಿಯಾಗಿ, ಒಂದು ಹೋಸ್ ಪೈಪಿನಲ್ಲಿ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಹೋಗಿ ಇನ್ನೊಂದು ಪೈಪಿನಲ್ಲಿ ಮರಳುತ್ತದೆ. ಇದೇ ಹೀಟರ್ ಕಾಯಿಲ್. ಬ್ಲೋವರ್ ಅದರ ಮೂಲಕ ಗಾಳಿ ತಳ್ಳುತ್ತದೆ. ಬಿಸಿ ಎಷ್ಟು, ಗಾಳಿ ಕಾಲಿಗೋ ಗಾಜಿಗೋ, ಹೊರಗಿನ ಗಾಳಿಯೋ ಒಳಗಿನದೇ ಸುತ್ತಬೇಕೋ ಎಂಬ ಮೂರು ತೀರ್ಮಾನಗಳು ಲಿವರುಗಳದ್ದು. ಲಿವರಿನಿಂದ ಗಾಳಿಯ ದಾರಿ ಬದಲಿಸುವ ಬಾಗಿಲಿಗೆ ಹೋಗುವುದು ಕವಚದೊಳಗೆ ಜಾರುವ ಉಕ್ಕಿನ ತಂತಿ. ಅರ್ನೆಸ್ಟ್ ಬೌಡನ್ 1896ರಲ್ಲಿ ಪೇಟೆಂಟ್ ಪಡೆದ, ಸೈಕಲ್ಲಿನ ಬ್ರೇಕಿನಲ್ಲಿ ನಾವೆಲ್ಲ ಕಂಡ ಅದೇ ತಂತಿ. ಸೆನ್ಸರಿಲ್ಲ, ಕಂಪ್ಯೂಟರಿಲ್ಲ. ದೋಷ ಎಲ್ಲಿದೆ ಎಂಬುದು ಬೆರಳಿಗೇ ತಿಳಿಯುತ್ತದೆ. ಲಿವರ್ ಯಾವ ತಡೆಯೂ ಇಲ್ಲದೆ ಸಡಿಲವಾಗಿ ಓಡಾಡಿದರೆ ಕೇಬಲ್ ತುಂಡಾಗಿದೆ, ಇಲ್ಲವೇ ಕವಚ ಹಿಡಿದ ಕ್ಲಿಪ್ ಕಳಚಿದೆ. ಬಿಗಿಯಾಗಿ ನಿಂತರೆ ತಂತಿ ತುಕ್ಕು ಹಿಡಿದಿದೆ ಅಥವಾ ಬಾಗಿದೆ. ಸ್ಕ್ಯಾನರ್ ಜೋಡಿಸಿ ಕೋಡ್ ಓದುವ ಈ ಕಾಲದಲ್ಲಿ, ಮಾಲೀಕನೇ ಅರ್ಥ ಮಾಡಿಕೊಳ್ಳಬಲ್ಲ ಇಂಥ ಯಂತ್ರ ದೊಡ್ಡ ಸಂಪತ್ತು.

ಇಂಥದ್ದನ್ನು ಗ್ಯಾರೇಜು ಎರಡು ರೀತಿಯಲ್ಲಿ ಕೊಲ್ಲುತ್ತದೆ. ಕಾಯಿಲ್ ಸೋರಿದರೆ ಎರಡೂ ಹೋಸ್‌ಗಳನ್ನು ಬಾನೆಟ್ ಕೆಳಗೇ ಒಂದಕ್ಕೊಂದು ಸೇರಿಸಿ ಬೈಪಾಸ್ ಮಾಡುವುದು ಒಂದು. ಇಂಜಿನ್ ಹೀಟಾಗುತ್ತದೆಂದು ಥರ್ಮೋಸ್ಟ್ಯಾಟ್ ವಾಲ್ವನ್ನೇ ಕಿತ್ತೆಸೆಯುವುದು ಇನ್ನೊಂದು. ಬೈಪಾಸನ್ನು ತಾತ್ಕಾಲಿಕ ಉಪಾಯವೆಂದು ಒಪ್ಪಬಹುದು. ದಾರಿಯಲ್ಲಿ ನೀರು ಸೋರುತ್ತಿರುವಾಗ ಮನೆ ಸೇರಲು ಅದೇ ದಾರಿ. ಥರ್ಮೋಸ್ಟ್ಯಾಟ್ ಕೀಳುವುದಕ್ಕೆ ಅಂಥ ಸಮರ್ಥನೆಯೂ ಇಲ್ಲ. ನೀರು 80 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬರುವ ತನಕ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಆ ವಾಲ್ವಿನ ಕೆಲಸ. ಅದಿಲ್ಲದಿದ್ದರೆ ಇಂಜಿನ್ ಬೇಗ ಬಿಸಿಯೇರುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ, ಹೀಟರಿನಲ್ಲಿ ಉಗುರುಬೆಚ್ಚನೆ ಗಾಳಿ ಬಂದರೆ ಹೆಚ್ಚು. ಇಂಜಿನ್ ಕುದಿಯಲು ಕಟ್ಟಿಕೊಂಡ ರೇಡಿಯೇಟರ್, ದಣಿದ ವಾಟರ್ ಪಂಪ್, ತಿರುಗದ ಫ್ಯಾನ್ ಯಾವುದು ಕಾರಣವೋ ಅದು ಹಾಗೇ ಉಳಿದಿರುತ್ತದೆ.

ಬಿಸಿಲೂರಿಗೆ ಹೀಟರ್ ಬೇಡ ಎಂಬ ವಾದವೂ ನಿಲ್ಲದು. ಇಲ್ಲಿ ಅದರ ಮುಖ್ಯ ಕೆಲಸ ಗಾಜು ತಿಳಿಯಾಗಿಡುವುದು. ಬೆಚ್ಚನೆಯ ಗಾಳಿ ಹೆಚ್ಚು ತೇವ ಹೀರುತ್ತದೆ, ಬೆಚ್ಚಗಾದ ಗಾಜಿನ ಮೇಲೆ ಉಸಿರು ಹನಿಯಾಗುವುದಿಲ್ಲ. ಇನ್ನೂ ಒಂದು ಮಾತು: ಘಾಟ್ ಏರುವಾಗ ಇಂಜಿನ್ನಿನ ಶಾಖ ತೋರಿಸುವ ಮುಳ್ಳು ಮೇಲೇರಿದರೆ ಎಸಿ ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ತೆರೆದು ಬ್ಲೋವರ್ ಜೋರು ಮಾಡಿದರೆ ಒಂದಷ್ಟು ಶಾಖ ಅಲ್ಲಿಂದಲೂ ಹೊರಬೀಳುತ್ತದೆ. ಯಾವ ಬಿಸಿಲಿನ ಹೆಸರಿನಲ್ಲಿ ಹೀಟರನ್ನು ಬಂದ್ ಮಾಡಿದೆವೋ ಆ ಬಿಸಿಲಿನಲ್ಲೇ ಅದು ನೆರವಿಗೆ ಬರುತ್ತಿತ್ತು.

ಮೆಕ್ಯಾನಿಕ್‌ಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಕಾಯಿಲ್ ಬದಲಿಸಲು ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು. ಭಾಗದ ಬೆಲೆಗಿಂತ ಕೂಲಿಯೇ ಹೆಚ್ಚಾಗುತ್ತದೆ, ಗಿರಾಕಿಗೆ ಸಂಜೆಯೊಳಗೆ ಗಾಡಿ ಬೇಕು. ಕೂಲೆಂಟ್ ಬದಲು ವರ್ಷಗಟ್ಟಲೆ ಬೋರ್‌ವೆಲ್ ನೀರು ತುಂಬಿ ಕಾಯಿಲಿನೊಳಗೆ ಸುಣ್ಣ, ತುಕ್ಕು ಕಟ್ಟಲು ಬಿಟ್ಟದ್ದು ನಾವೇ, ಮಾಲೀಕರೇ. ವಾಹನೋದ್ಯಮ ಛತ್ರಪತಿ ಸಂಭಾಜಿನಗರಕ್ಕೆ ಹೊಸದಲ್ಲ. ಅದರ ಪಕ್ಕದ ವಾಳೂಜಿನಲ್ಲಿ 1985ರಿಂದ ಬಜಾಜ್ ಗಾಡಿಗಳು ತಯಾರಾಗುತ್ತಿವೆ, ಶೇಂದ್ರಾದಲ್ಲಿ 2001ರಿಂದ ಸ್ಕೋಡಾ ಕಾರುಗಳು ಜೋಡಣೆಯಾಗತೊಡಗಿದವು. ಕೈಗಳಲ್ಲಿ ಕಸುಬಿಗೆ ಬರವಿಲ್ಲ. ಕಾರಣ ಹುಡುಕುವುದಕ್ಕೆ ಸಮಯ ಮತ್ತು ಹಣ ಕೊಡುವ ಗಿರಾಕಿಗೆ ಬರವಿದೆ.

ಹುಡುಕಲು ಒಂದು ಕ್ರಮವಿದೆ: ಮೊದಲು ನೀರು, ಆಮೇಲೆ ಗಾಳಿ, ಕೊನೆಗೆ ತಂತಿ. ತಣ್ಣಗಿರುವ ಇಂಜಿನ್ನಿನಲ್ಲಿ ಕೂಲೆಂಟ್ ಮಟ್ಟ ನೋಡಬೇಕು. ಬಿಸಿಯಿದ್ದಾಗ ರೇಡಿಯೇಟರಿನ ಮುಚ್ಚಳ ತೆರೆದರೆ ಮೈ ಸುಟ್ಟೀತು. ಇಂಜಿನ್ ಬಿಸಿಯಾದ ಮೇಲೆ ಹೀಟರ್ ಲಿವರ್ ಪೂರ್ತಿ ಎಳೆದು, ತಿರುಗುವ ಫ್ಯಾನಿನಿಂದ ಕೈ ದೂರವಿಟ್ಟು, ಎರಡು ಹೋಸ್‌ಗಳನ್ನು ಜೋಪಾನವಾಗಿ ಮುಟ್ಟಿ ನೋಡಬೇಕು. ಎರಡೂ ಬಿಸಿಯಿದ್ದು ಗಾಳಿ ತಣ್ಣಗಿದ್ದರೆ ದೋಷ ಗಾಳಿಯ ಬಾಗಿಲಿನದು ಅಥವಾ ಅದರ ಕೇಬಲ್ಲಿನದು. ಒಂದು ಬಿಸಿ, ಒಂದು ತಣ್ಣಗಿದ್ದರೆ ಕಾಯಿಲಿಗೆ ನೀರು ಬಿಡುವ ವಾಲ್ವ್ ತೆರೆದಿಲ್ಲ ಅಥವಾ ಕಾಯಿಲ್ ಕಟ್ಟಿದೆ. ಎರಡೂ ಉಗುರುಬೆಚ್ಚಗಿದ್ದರೆ ಥರ್ಮೋಸ್ಟ್ಯಾಟ್ ಇಲ್ಲ, ಇಲ್ಲವೇ ತೆರೆದೇ ನಿಂತಿದೆ; ನೀರು ಕಡಿಮೆಯಾಗಿ ಗಾಳಿ ಸಿಕ್ಕಿಕೊಂಡಿರಲೂಬಹುದು. ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ಓಡಿದರೆ ರೆಸಿಸ್ಟರ್ ಸುಟ್ಟಿದೆ, ಮೋಟರ್ ಬದಲಿಸಬೇಕಿಲ್ಲ. ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಗುಟು ಪೊರೆ, ಕಾಲಡಿಯ ಮ್ಯಾಟ್ ಒದ್ದೆ ಎಲ್ಲ ಸೇರಿದರೆ ಕಾಯಿಲ್ ಸೋರುತ್ತಿದೆ. ವಾಸನೆಯಿಲ್ಲದ ಬರೀ ನೀರಾದರೆ ಎಲೆ ಕಟ್ಟಿದ ಮಳೆನೀರಿನ ಕಿಂಡಿಯನ್ನೋ ಎಸಿಯ ನೀರು ಇಳಿಯುವ ಪೈಪನ್ನೋ ನೋಡಬೇಕು.

ಗಾಳಿಯ ವಿಷಯದಲ್ಲಿ ಸೇವುಣರ ದೇವಗಿರಿಯಾಗಿದ್ದ ದೌಲತಾಬಾದ್ ಕೋಟೆಯೇ ಒಂದು ಪಾಠ. ‘ಅಂಧೇರಿ’ ಎಂಬ ಕತ್ತಲ ಸುರಂಗದ ಮೇಲ್ತುದಿಯಲ್ಲಿ ಬೆಂಕಿ ಹಾಕಿ ಶತ್ರುವಿನ ಮೇಲೆ ಹೊಗೆ ಕವಿಸುವ ಏರ್ಪಾಟಿತ್ತು. ಬೆಂಕಿಗೆ ಗಾಳಿ ಸೆಳೆಯಲು ಬಂಡೆಯಲ್ಲಿ ಕಿಂಡಿ ಕೊರೆದಿದ್ದರು. ದಾರಿ ಕೊಡದೆ ಗಾಳಿ ಚಲಿಸದು ಎಂಬುದು ಆ ಕಲ್ಲುಕುಟಿಗರಿಗೆ ಗೊತ್ತಿತ್ತು. ಕಾರಿಗೂ ಇದೇ ನಿಯಮ. ಒಳಬಂದ ಗಾಳಿ ಹಿಂಭಾಗದ ಕಿಂಡಿಗಳಿಂದ ಹೊರಹೋಗಬೇಕು. ಅವುಗಳನ್ನು ಲಗೇಜಿನಿಂದ ಮುಚ್ಚಿ, ಲಿವರನ್ನು ಒಳಗಾಳಿಯಲ್ಲೇ ಇಟ್ಟು ಓಡಿಸಿದರೆ ಎಷ್ಟು ಒಳ್ಳೆಯ ಹೀಟರಿದ್ದರೂ ಗಾಜು ಮಬ್ಬಾಗುತ್ತದೆ. ಮಳೆಯಲ್ಲಿ ಹೊರಗಾಳಿ ತೆಗೆದುಕೊಳ್ಳಬೇಕು. ಎಸಿ ಇದ್ದರೆ ಅದನ್ನೂ ಹಾಕಬೇಕು, ಅದು ತೇವವನ್ನು ಹಿಂಡಿ ಹಾಕುತ್ತದೆ.

ಹಳೆಯ ವಿನ್ಯಾಸದಲ್ಲಿ ಕೊರತೆಗಳಿಲ್ಲವೆಂದಲ್ಲ. ಲಿವರಿನ ಪ್ಲಾಸ್ಟಿಕ್ ಕಿವಿಗಳು ಬಿಸಿಲಿಗೆ ಪೆಡಸಾಗಿ ಮುರಿಯುತ್ತವೆ. ಸೋರಬಹುದಾದ ಕಾಯಿಲನ್ನು ಡ್ಯಾಶ್‌ಬೋರ್ಡಿನ ಒಳಗೆ ಹೂತಿಟ್ಟದ್ದು ವಿನ್ಯಾಸಕಾರರ ತಪ್ಪೇ ಹೌದು. ಬೈಪಾಸಿನ ರೂಢಿ ಹುಟ್ಟಿದ್ದೂ ಅದರಿಂದಲೇ. ಆದರೆ ಅದು ಮೊದಲ ಹತ್ತು ನಿಮಿಷದ ತಪಾಸಣೆಯನ್ನು ಬಿಟ್ಟುಬಿಡಲು ನೆಪವಾಗಬಾರದು. ಕಳಚಿದ ಕ್ಲಿಪ್ ಸಿಕ್ಕಿಸಲು, ಕೇಬಲ್ಲಿಗೆ ಎಣ್ಣೆ ಬಿಡಲು, ಥರ್ಮೋಸ್ಟ್ಯಾಟನ್ನು ಮತ್ತೆ ಕೂರಿಸಲು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಿಲ್ಲ.

ಹಳೆಯ ಕಾರು ಕೊಳ್ಳುವವರು ಬಣ್ಣ, ಟೈರ್, ಮೈಲೇಜ್ ನೋಡುವಂತೆ ಬಾನೆಟ್ ಎತ್ತಿ ಆ ಎರಡು ಹೋಸ್‌ಗಳು ಎಲ್ಲಿಗೆ ಹೋಗಿವೆ ಎಂದೂ ನೋಡಬೇಕು. ಗ್ಯಾರೇಜಿನವರು ಏನನ್ನಾದರೂ ಬಂದ್ ಮಾಡಿದರೆ ಬಿಲ್ಲಿನಲ್ಲಿ ಬರೆದುಕೊಡಬೇಕು, ಆಗ ಮುಂದಿನ ಮಾಲೀಕನಿಗೆ ಗೊತ್ತಾಗುತ್ತದೆ. ದಾರಿ ಕಾಣದ ಕಾರನ್ನು ಘಾಟಿಗೆ ಕಳಿಸುವ ಯಾವ ಕೆಲಸವನ್ನೂ ರಿಪೇರಿ ಎಂದು ಕರೆಯಲು, ಅದಕ್ಕೆ ದುಡ್ಡು ಕೊಡಲು ನಾವು ಒಪ್ಪಬಾರದು.